ಮೊದಲ ಹಿಮಶಿಖರ ಯಾವುದಿರಲಿ? ಫ್ರೆಂಡ್‌ಶಿಪ್, ಯೂನಂ, ಕಾಂಗ್ ಯಾತ್ಸೆ, ಮೇರಾ, ಐಲ್ಯಾಂಡ್ ಪೀಕ್: ಒಂದು ಹೋಲಿಕೆ

ಯುಗಾದಿ ಕಳೆಯುತ್ತಿದ್ದಂತೆ ಪ್ರತಿ ವರ್ಷ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ‘ಕೇದಾರಕಂಠ ಚಾರಣ ಆಯ್ತು, ಹಂಪ್ಟಾ ಪಾಸ್ ಆಯ್ತು. ಈ ಸಲ ಬೂಟಿಗೆ ಮುಳ್ಳುಹಲ್ಲಿನ ಕ್ರಾಂಪಾನ್ ಕಟ್ಟಿ ನಿಜವಾದ ಹಿಮಶಿಖರವೊಂದನ್ನು ಹತ್ತಬೇಕು. ಲಡಾಖ್‌ಗೆ ಹೋಗಲೋ, ನೇಪಾಳಕ್ಕೆ ಹೋಗಲೋ?’ ಕೇಳುವವರಲ್ಲಿ ಹೆಚ್ಚಿನವರು ಉದ್ಯೋಗದಲ್ಲಿರುವವರು. ಸಿಗುವ ರಜೆ ಎರಡು ವಾರ, ಬಹಳವೆಂದರೆ ಮೂರು. ಏಜೆನ್ಸಿಗಳ ಪಟ್ಟಿ ತೆರೆದರೆ ಎಲ್ಲ ಶಿಖರಗಳ ಮುಂದೆಯೂ ‘ಹೊಸಬರಿಗೂ ಸಾಧ್ಯ’ ಎಂದಿರುತ್ತದೆ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಮೀಟರುಗಳು.

ಆ ಮೀಟರುಗಳನ್ನು ನೋಡಿ ಶಿಖರ ಆರಿಸಬೇಡಿ ಎಂಬುದೇ ನಾನು ಹೇಳಬೇಕಾದ ಮುಖ್ಯ ಮಾತು. ನೇಪಾಳದ 6,476 ಮೀಟರಿನ ಮೇರಾ, ಸರಿಯಾದ ದಾರಿಯಲ್ಲಿ ಹೋದರೆ, ಹಿಮಾಚಲದ 6,111 ಮೀಟರಿನ ಯೂನಂಗಿಂತ ಮೈಗೆ ಹಗುರ. 5,289 ಮೀಟರಿನ ಫ್ರೆಂಡ್‌ಶಿಪ್ ಪೀಕ್ ಈ ಎರಡಕ್ಕಿಂತಲೂ ಹೆಚ್ಚು ಹಿಮದ ಕೆಲಸ ಕಲಿಸುತ್ತದೆ. ತುದಿ ಎಷ್ಟು ಎತ್ತರದಲ್ಲಿದೆ ಎಂಬುದಕ್ಕಿಂತ, ಅಲ್ಲಿಗೆ ಎಷ್ಟು ರಾತ್ರಿಗಳಲ್ಲಿ ಏರುತ್ತೀರಿ, ಹವೆ ಕೆಟ್ಟರೆ ಕಾಯುವುದಕ್ಕೆ ದಿನ ಉಳಿದಿದೆಯೇ ಎಂಬುದೇ ದೊಡ್ಡ ಪ್ರಶ್ನೆ.

ಮೊದಲು ಏನನ್ನು ಅಳೆಯಬೇಕು

ರಾತ್ರಿಗಳ ಲೆಕ್ಕದಿಂದ ಶುರು ಮಾಡೋಣ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. 5,500 ಮೀಟರಿಗೆ ಹೋದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ಆ ಗಾಳಿಗೆ ಮೈ ಒಗ್ಗಬೇಕಾದರೆ ಸಮಯ ಬೇಕು, ಅದನ್ನು ದುಡ್ಡು ಕೊಟ್ಟು ಕೊಳ್ಳಲಾಗುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು ಎಂಬುದು ಪರ್ವತ ವೈದ್ಯಕೀಯದಲ್ಲಿ ಎಲ್ಲರೂ ಒಪ್ಪಿದ ನಿಯಮ. ಹಗಲಲ್ಲಿ ಎಷ್ಟು ಮೇಲೆ ಹೋಗಿ ಬಂದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದು ಮುಖ್ಯ.

ಆದ್ದರಿಂದ ಯಾವುದೇ ಏಜೆನ್ಸಿಯ ವೇಳಾಪಟ್ಟಿ ಕೈಗೆ ಬಂದರೂ ಪ್ರತಿ ದಿನದ ಮುಂದೆ ಆ ರಾತ್ರಿ ತಂಗುವ ಎತ್ತರವನ್ನು ಪೆನ್ನಿನಲ್ಲಿ ಬರೆದುಕೊಳ್ಳಿ. ಒಂದೇ ರಾತ್ರಿಗೆ ಸಾವಿರ, ಸಾವಿರದ ಐನೂರು ಮೀಟರ್ ನೆಗೆತ ಕಂಡರೆ ಆ ಪಟ್ಟಿಯನ್ನು ಬದಿಗಿಡಿ. ತಲೆನೋವು, ವಾಕರಿಕೆ, ನಿದ್ದೆಗೇಡಿನಿಂದ ಶುರುವಾಗುವ ಎತ್ತರದ ಕಾಯಿಲೆ ಶ್ವಾಸಕೋಶದಲ್ಲಿ ನೀರು ತುಂಬುವ ಅಥವಾ ಮಿದುಳು ಊದಿಕೊಳ್ಳುವ ಹಂತಕ್ಕೆ ಹೋದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು. ಜಿಮ್‌ನಲ್ಲಿ ಗಟ್ಟಿ ಮಾಡಿಕೊಂಡ ಮೈ ಇದರಿಂದ ಕಾಪಾಡುವುದಿಲ್ಲ. ಕಾಲಿನಲ್ಲಿ ಕಸುವಿರುವವರು ಬೇಗ ಬೇಗ ಹತ್ತಿ ಮೊದಲು ಕಾಯಿಲೆ ಬೀಳುವುದನ್ನು ಎಷ್ಟೋ ಕ್ಯಾಂಪ್‌ಗಳಲ್ಲಿ ಕಾಣಬಹುದು. ಡಯಾಮಾಕ್ಸ್ ಮಾತ್ರೆ ಮೈ ಒಗ್ಗುವುದಕ್ಕೆ ನೆರವಾಗುತ್ತದೆ, ಆದರೆ ಅವಸರದ ವೇಳಾಪಟ್ಟಿಗೆ ಅದು ಪರಿಹಾರವಲ್ಲ. ಸಲ್ಫಾ ಔಷಧಿಗಳ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಎರಡನೆಯದು ಮೀಸಲು ದಿನ. ಶಿಖರ ಹತ್ತುವ ದಿನಕ್ಕೆ ಹಿಂದೆಯೋ ಮುಂದೆಯೋ ಒಂದು ಖಾಲಿ ದಿನ ಇರಲೇಬೇಕು. ಅದಿಲ್ಲದಿದ್ದರೆ ಮೋಡ ಕಟ್ಟಿದ ರಾತ್ರಿಯೂ ಹೊರಡುವ ಒತ್ತಡ ಹುಟ್ಟುತ್ತದೆ: ರಜೆ ಮುಗಿಯುತ್ತಿದೆ, ದುಡ್ಡು ಕಟ್ಟಿದೆ, ಮತ್ತೆ ಬರಲಾಗುವುದಿಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ ಬಹುಪಾಲು ಕರ್ನಾಟಕದವರೇ ಇದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಜನ ಮರಳಿ ಬರಲಿಲ್ಲ. ಸಹಸ್ರತಾಲ್ ಶಿಖರವೂ ಅಲ್ಲ, ಸುಮಾರು 4,500 ಮೀಟರಿನ ಸರೋವರಗಳ ದಾರಿ. ಅಷ್ಟು ಎತ್ತರದಲ್ಲಿ ಹವೆ ಏನು ಮಾಡಬಲ್ಲದೆಂದು ಅವತ್ತು ನಮ್ಮ ಊರಿನ ಮನೆಮನೆಗೂ ತಿಳಿಯಿತು. ಆರು ಸಾವಿರ ಮೀಟರಿನ ಮಾತು ಆಡುವಾಗ ಮೀಸಲು ದಿನವನ್ನು ಉಳಿತಾಯದ ಬಾಬತ್ತೆಂದು ಯಾರೂ ನೋಡಬಾರದು.

ಇನ್ನುಳಿದ ಮೂರನ್ನು ಬೇಗ ಹೇಳುತ್ತೇನೆ. ದಾರಿಯಲ್ಲಿ ಹಗ್ಗದ ಕೆಲಸ ಎಷ್ಟಿದೆ? ಕಾಯಿಲೆ ಬಿದ್ದರೆ ಕೆಳಗಿಳಿಯುವ ದಾರಿ ಎಷ್ಟು ಸುಲಭ, ವೈದ್ಯರು ಎಷ್ಟು ಹತ್ತಿರ? ಆ ಶಿಖರದ ಕಾಲ ನಿಮ್ಮ ರಜೆಗೆ ಹೊಂದುತ್ತದೆಯೇ? ದುಡ್ಡಿನ ಮಾತು ಇವೆಲ್ಲದರ ಆಮೇಲೆ.

ಫ್ರೆಂಡ್‌ಶಿಪ್ ಪೀಕ್: ಕಲಿಯುವವರಿಗೆ

ಮನಾಲಿಯ ಪಕ್ಕದ ಸೋಲಂಗ್ ಕಣಿವೆಯಿಂದ ಧುಂಡಿ, ಬಕರ್‌ಥಾಚ್, ಲೇಡಿ ಲೆಗ್ ದಾಟಿ ಹೋಗುವ ಈ ಶಿಖರ ಪೀರ್ ಪಂಜಾಲ್ ಸಾಲಿನಲ್ಲಿದೆ. ಒಂದು ವಾರ, ಎಂಟು ದಿನದಲ್ಲಿ ಮುಗಿಯುತ್ತದೆ. ಐದರಲ್ಲಿ ಅತಿ ಅಗ್ಗ ಇದೇ. ಗುಂಪಿನಲ್ಲಿ ಸೇರಿಕೊಂಡರೆ ಸುಮಾರು ನಲವತ್ತರಿಂದ ಅರವತ್ತು ಸಾವಿರ ರೂಪಾಯಿ, ಮನಾಲಿವರೆಗಿನ ಪ್ರಯಾಣ ಬೇರೆ.

ಮೇ, ಜೂನ್‌ನಲ್ಲಿ ಹೋದರೆ ಲೇಡಿ ಲೆಗ್ ಸುತ್ತಮುತ್ತ ಇನ್ನೂ ಹಿಮ ಉಳಿದಿರುತ್ತದೆ. ಅಲ್ಲಿ ಗೈಡ್‌ಗಳು ಒಂದು ದಿನವಿಡೀ ಕ್ರಾಂಪಾನ್ ಹಾಕಿ ನಡೆಸುತ್ತಾರೆ, ಜಾರಿದರೆ ಐಸ್ ಆ್ಯಕ್ಸ್ (ಹಿಮಗೊಡಲಿ) ಚುಚ್ಚಿ ನಿಲ್ಲುವುದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ, ಒಂದೇ ಹಗ್ಗಕ್ಕೆ ನಾಲ್ಕೈದು ಜನರನ್ನು ಕಟ್ಟಿ ಇಳಿಜಾರಿನಲ್ಲಿ ಅಡ್ಡಾಡಿಸುತ್ತಾರೆ. ಈ ಶಿಖರದ ನಿಜವಾದ ಬೆಲೆ ಆ ದಿನದಲ್ಲಿದೆ. ತುದಿ ಮುಟ್ಟಿದರೆ ಹನುಮಾನ್ ಟಿಬ್ಬಾ, ದೇವ್ ಟಿಬ್ಬಾ, ಇಂದ್ರಾಸನ ಒಟ್ಟಿಗೆ ಕಾಣುತ್ತವೆ. ಮುಟ್ಟದಿದ್ದರೂ ಕಲಿತದ್ದು ಕೈಯಲ್ಲಿರುತ್ತದೆ.

ತೊಂದರೆಯೂ ಉಂಟು. ಕ್ಯಾಂಪಿನಿಂದ ತುದಿಗೆ ಸಾವಿರ ಮೀಟರಿಗೂ ಹೆಚ್ಚಿನ ಏರು ಒಂದೇ ರಾತ್ರಿಯಲ್ಲಿ ಆಗಬೇಕು. ಬಿಸಿಲೇರಿದರೆ ಹಿಮ ಮೆತ್ತಗಾಗಿ ಮೊಣಕಾಲುದ್ದ ಹೂತುಕೊಳ್ಳುತ್ತದೆ, ಹಿಮಕುಸಿತದ ಭಯವೂ ಹೆಚ್ಚುತ್ತದೆ. ಪೀರ್ ಪಂಜಾಲ್‌ಗೆ ಮುಂಗಾರು ತಟ್ಟುವುದರಿಂದ ಜುಲೈ, ಆಗಸ್ಟ್ ಬೇಡ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಿಮ ಕರಗಿ ಕಲ್ಲು ಎದ್ದಿರುತ್ತದೆ, ಹಿಮಬಿರುಕುಗಳು ಬಾಯಿ ತೆರೆದಿರುತ್ತವೆ. ಕಲಿಯುವುದೇ ಉದ್ದೇಶವಾದರೆ ಬೇಸಿಗೆ ರಜೆಯೇ ಸರಿ.

‘ಆರು ಸಾವಿರ’ ಎಂಬ ಅಂಕಿ ಸಿಗುವುದಿಲ್ಲವೆಂದು ಬಹಳ ಜನ ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ನನ್ನ ಪ್ರಕಾರ ಹಿಮದ ಮೇಲೆ ಒಮ್ಮೆಯೂ ನಡೆಯದವರು ಮೊದಲು ಇಲ್ಲಿಗೇ ಬರಬೇಕು.

ಯೂನಂ: ಸುಲಭವೆಂದು ಕಾಣುವ ಕಷ್ಟ

ಮನಾಲಿ–ಲೇಹ್ ಹೆದ್ದಾರಿಯಲ್ಲಿ ಬಾರಾಲಾಚಾ ಲಾ (ಲಾ ಎಂದರೆ ಬೆಟ್ಟಸಾಲು ದಾಟುವ ಕಣಿವೆದಾರಿ) ದಾಟಿದರೆ ಭರತ್‌ಪುರ ಸಿಗುತ್ತದೆ. ಬೇಸಿಗೆಯಲ್ಲಿ ಡೇರೆ ಢಾಬಾಗಳು ಏಳುವ ಜಾಗ, ಎತ್ತರ ಸುಮಾರು 4,700 ಮೀಟರ್. ಶಿಖರದ ಬೇಸ್ ಕ್ಯಾಂಪೂ ಅದೇ. ರಸ್ತೆಯ ಪಕ್ಕದಿಂದಲೇ ಹತ್ತುವ ಆರು ಸಾವಿರದ ಶಿಖರ ಎಂಬುದು ಯೂನಂನ ಆಕರ್ಷಣೆ. ಹಗ್ಗದ ಕೆಲಸ ಬಹುತೇಕ ಇಲ್ಲ. ಸಡಿಲ ಕಲ್ಲಿನ ಇಳಿಜಾರು, ಮೇಲೆ ಒಂದಿಷ್ಟು ಹಿಮ. ಎರಡು ಹೆಜ್ಜೆ ಏರಿದರೆ ಒಂದು ಹೆಜ್ಜೆ ಕೆಳಗೆ ಜಾರುವಂಥ ನೆಲ. ಲಾಹೌಲ್ ಮಳೆಯ ನೆರಳಿನಲ್ಲಿರುವುದರಿಂದ ಜುಲೈನಿಂದ ಸೆಪ್ಟೆಂಬರ್‌ವರೆಗೆ ಹೋಗಬಹುದು. ಗಾಳಿ ಮಾತ್ರ ಬಿಡುವುದಿಲ್ಲ.

ರಸ್ತೆಯೇ ಇಲ್ಲಿನ ಅಪಾಯವೂ ಹೌದು. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಮನಾಲಿಯಿಂದ ಲಾಹೌಲ್‌ಗೆ ಹೋಗುವುದು ಬಹಳ ಬೇಗ ಆಗುತ್ತದೆ. 2,000 ಮೀಟರಿನ ಮನಾಲಿಯಲ್ಲಿ ಒಂದು ರಾತ್ರಿ, 3,200 ಮೀಟರಿನ ಜಿಸ್ಪಾದಲ್ಲಿ ಒಂದು, ಮೂರನೆಯ ರಾತ್ರಿಗೆ ಭರತ್‌ಪುರದ 4,700 ಮೀಟರ್! ಮೇಲೆ ಹೇಳಿದ ನಿಯಮದ ಪ್ರಕಾರ ಈ ಕೊನೆಯ ನೆಗೆತಕ್ಕೆ ಮೂರು ರಾತ್ರಿಗಳಾದರೂ ಬೇಕು. ವಾಹನದಲ್ಲಿ ಕುಳಿತು ಬಂದದ್ದರಿಂದ ಸುಸ್ತು ಗೊತ್ತಾಗುವುದಿಲ್ಲ, ರಾತ್ರಿ ಹನ್ನೊಂದಕ್ಕೆ ತಲೆ ಸಿಡಿಯತೊಡಗುತ್ತದೆ. ಒಂದು ಅನುಕೂಲವೆಂದರೆ ಜೀಪು ಪಕ್ಕದಲ್ಲೇ ಇರುತ್ತದೆ, ಕಾಯಿಲೆ ಬಿದ್ದವರನ್ನು ಆ ರಾತ್ರಿಯೇ ಕೆಳಗೆ ಕರೆದೊಯ್ಯಬಹುದು.

ಸ್ಪಿತಿಯಲ್ಲೋ ಲಡಾಖ್‌ನಲ್ಲೋ ಒಂದು ವಾರ ಸುತ್ತಿ, 4,000 ಮೀಟರಿನ ಆಸುಪಾಸು ಮಲಗಿ ಮೈ ಒಗ್ಗಿದವರಿಗೆ ಯೂನಂ ಒಳ್ಳೆಯ ಆಯ್ಕೆ. ಬೆಂಗಳೂರಿನಿಂದ ನೇರ ಹೋಗುವವರಿಗೆ ಇದನ್ನು ನಾನು ಹೇಳುವುದಿಲ್ಲ.

ಕಾಂಗ್ ಯಾತ್ಸೆ 2: ಎರಡು ವಾರದ ರಜೆಗೆ

ಲೇಹ್ ಬಳಿಯ ಸ್ಟೋಕ್ ಕಾಂಗ್ರಿ ಒಂದು ಕಾಲಕ್ಕೆ ಹೊಸಬರ ಆರು ಸಾವಿರದ ಶಿಖರವಾಗಿತ್ತು. ಅತಿಯಾದ ಜನಸಂದಣಿಯಿಂದ ಊರಿನ ನೀರಿನ ಮೂಲವೇ ಹಾಳಾಗುತ್ತಿದೆ ಎಂದು 2020ರಲ್ಲಿ ಅದನ್ನು ಮುಚ್ಚಲಾಯಿತು. ಆ ಜನವೆಲ್ಲ ಈಗ ಹೆಚ್ಚಾಗಿ ಮಾರ್ಖಾ ಕಣಿವೆಯ ಕಾಂಗ್ ಯಾತ್ಸೆ 2ರ ಕಡೆ ತಿರುಗಿದ್ದಾರೆ. ಎತ್ತರ ಸುಮಾರು 6,250 ಮೀಟರ್. ಪಕ್ಕದಲ್ಲೇ 6,400 ಮೀಟರಿನ ಕಾಂಗ್ ಯಾತ್ಸೆ 1 ಇದೆ. ಅದು ಪಳಗಿದವರ ಶಿಖರ. ಅನುಮತಿ ಪತ್ರದಲ್ಲಿ ಯಾವುದರ ಹೆಸರಿದೆ ಎಂದು ನೋಡಿಕೊಳ್ಳಿ.

ಈ ಶಿಖರವನ್ನು ನಾನು ಮೆಚ್ಚುವುದು ಅದರ ದಾರಿಗಾಗಿ. ಲೇಹ್‌ಗೆ ವಿಮಾನದಲ್ಲಿ ಇಳಿದರೆ ನೇರ 3,500 ಮೀಟರ್. ಅಲ್ಲಿ ಎರಡು ಮೂರು ರಾತ್ರಿ ಸುಮ್ಮನಿರಬೇಕು. ಆಮೇಲೆ ಸ್ಕಿಯು, ಮಾರ್ಖಾ, ಹಂಕರ್, ಥಚುಂಗ್ಸೆ, ನಿಮಾಲಿಂಗ್ ಎಂದು ಕಣಿವೆ ನಿಧಾನವಾಗಿ ಏರುತ್ತದೆ. ಹಳ್ಳಿಗಳಲ್ಲಿ ಹೋಮ್‌ಸ್ಟೇಗಳಿವೆ. ಬಾರ್ಲಿಯ ಹೊಲ, ಹೊಳೆ ದಾಟುವ ಜಾಗಗಳು, ಬೆಟ್ಟದ ಮೇಲೆ ಗೊಂಪಾ. ನಿಮಾಲಿಂಗ್ ಸುಮಾರು 4,800 ಮೀಟರಿನ ಹುಲ್ಲುಗಾವಲು. ಕಣಿವೆಯ ಹಳ್ಳಿಗಳವರು ಬೇಸಿಗೆಯಲ್ಲಿ ಕುರಿ, ಮೇಕೆ, ಯಾಕ್‌ಗಳನ್ನು ಅಲ್ಲಿಗೆ ಹೊಡೆದುಕೊಂಡು ಬರುತ್ತಾರೆ. ಸಂಜೆ ಕಲ್ಲಿನ ದೊಡ್ಡಿಗಳಿಗೆ ಕುರಿಗಳನ್ನು ತುಂಬುವ ಹೊತ್ತಿಗೆ ಎದುರಿಗೆ ಕಾಂಗ್ ಯಾತ್ಸೆಯ ಹಿಮ ಕೆಂಪಾಗುತ್ತಿರುತ್ತದೆ. ಅಲ್ಲಿಂದ ಬೇಸ್ ಕ್ಯಾಂಪ್ ಕೆಲವೇ ಗಂಟೆಯ ನಡಿಗೆ.

ಹೀಗೆ ಬಂದವರು 5,000 ಮೀಟರ್ ತಲುಪುವ ಹೊತ್ತಿಗೆ ಏಳೆಂಟು ರಾತ್ರಿ ಎತ್ತರದಲ್ಲಿ ಕಳೆದಿರುತ್ತಾರೆ. ಶಿಖರದ ರಾತ್ರಿಯೇನೂ ಸಣ್ಣದಲ್ಲ. ಸುಮಾರು 1,200 ಮೀಟರ್ ಏರು, ಹೋಗಿ ಬರಲು ಹನ್ನೆರಡು ಗಂಟೆಗೂ ಹೆಚ್ಚು. ಮೊದಲು ಹಿಮನದಿ ತಂದು ಗುಡ್ಡೆ ಹಾಕಿದ ಮೊರೇನ್ ಕಲ್ಲು, ನಂತರ ಹಿಮನದಿ, ಅಲ್ಲಿಂದ ಮೇಲೆ ಕಡಿದಾಗುತ್ತ ಹೋಗುವ ಉದ್ದನೆಯ ಹಿಮದ ಇಳಿಜಾರು. ಕ್ರಾಂಪಾನ್ ಬೇಕು, ಹಗ್ಗದಲ್ಲಿ ಒಟ್ಟಿಗೆ ಕಟ್ಟಿಕೊಂಡು ನಡೆಯುತ್ತಾರೆ. ಜುಮಾರ್ (ಹಗ್ಗಕ್ಕೆ ಸಿಕ್ಕಿಸಿ ಮೇಲೇರುವ ಹಲ್ಲಿನ ಹಿಡಿಕೆ) ಬಳಸುವ ಗೋಡೆ ಸಾಮಾನ್ಯವಾಗಿ ಇರುವುದಿಲ್ಲ.

ಒಂದು ಎಚ್ಚರಿಕೆ. ಮಾರ್ಖಾ ಕಣಿವೆಯ ಒಳಗೆ ರಸ್ತೆ ಬೆಳೆಯುತ್ತಿದೆ. ಆ ಕಡೆ ಶಾಂಗ್ ಸುಮ್ದೋದಿಂದ 5,200 ಮೀಟರಿನ ಕೊಂಗ್ಮಾರು ಲಾ ದಾಟಿ ನೇರ ನಿಮಾಲಿಂಗ್‌ಗೆ ಇಳಿಯುವ ಚಿಕ್ಕ ಪ್ಯಾಕೇಜುಗಳೂ ಇವೆ. ಮೂರು ದಿನ ಉಳಿಯುತ್ತದೆ, ಸ್ವಲ್ಪ ದುಡ್ಡೂ ಉಳಿಯುತ್ತದೆ, ಈ ಶಿಖರದ ದೊಡ್ಡ ಗುಣ ಮಾತ್ರ ಹೊರಟುಹೋಗುತ್ತದೆ. ಉದ್ದನೆಯ ದಾರಿಯಲ್ಲಿ ಹೋಗಿ, ಕೊಂಗ್ಮಾರು ಲಾ ಮೇಲೆ ಹೊರಗೆ ಬನ್ನಿ.

ಕಾಲ ಜೂನ್ ಕೊನೆಯಿಂದ ಸೆಪ್ಟೆಂಬರ್ ನಡುವಿನವರೆಗೆ. ನಮ್ಮಲ್ಲಿ ಮಳೆ ಹಿಡಿದಿರುವಾಗ ಅಲ್ಲಿ ಬಿಸಿಲು. ಖರ್ಚು ಸುಮಾರು ಅರವತ್ತು ಸಾವಿರದಿಂದ ಒಂದು ಲಕ್ಷ, ಲೇಹ್ ವಿಮಾನ ಬೇರೆ. ಶಾಲಾ ಮಕ್ಕಳಿರುವ ಮನೆಯವರಿಗೆ, ಶಿಕ್ಷಕರಿಗೆ ಈ ತಿಂಗಳುಗಳಲ್ಲಿ ರಜೆ ಸಿಗುವುದು ಕಷ್ಟ. ಅವರು ಮುಂದಿನ ಎರಡನ್ನು ನೋಡಬೇಕು.

ಮೇರಾ ಮತ್ತು ಐಲ್ಯಾಂಡ್: ನೇಪಾಳದ ಎರಡು ದಾರಿಗಳು

ನೇಪಾಳದ ಕಾಲ ಏಪ್ರಿಲ್–ಮೇ, ಅಕ್ಟೋಬರ್–ನವೆಂಬರ್. ನಮ್ಮ ಬೇಸಿಗೆ ರಜೆಗೂ ದಸರಾ ರಜೆಗೂ ಹೊಂದಿಕೊಳ್ಳುತ್ತದೆ. ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಇಟ್ಟುಕೊಳ್ಳಿ, ಆಧಾರ್ ಒಂದನ್ನೇ ನಂಬಿ ವಿಮಾನ ನಿಲ್ದಾಣಕ್ಕೆ ಹೋಗಬೇಡಿ. ಎರಡೂ ಶಿಖರಗಳಿಗೆ ಅನುಮತಿ ಕೊಡುವುದು ನೇಪಾಳ ಪರ್ವತಾರೋಹಣ ಸಂಘ. ಶುಲ್ಕ ವಸಂತದಲ್ಲಿ ಹೆಚ್ಚು, ಶರತ್ಕಾಲದಲ್ಲಿ ಕಡಿಮೆ. ಒಟ್ಟು ಖರ್ಚು ಒಂದೂವರೆ ಲಕ್ಷದಿಂದ ಎರಡೂವರೆ ಲಕ್ಷದವರೆಗೆ ಹೋಗುತ್ತದೆ.

ಎರಡಕ್ಕೂ ಹೆಬ್ಬಾಗಿಲು ಲುಕ್ಲಾ. 527 ಮೀಟರ್ ಉದ್ದದ ಆ ರನ್‌ವೇಗೆ ಮೋಡ ಕವಿದರೆ ವಿಮಾನ ಬರುವುದಿಲ್ಲ. ಜನ ಹೆಚ್ಚಿರುವ ತಿಂಗಳುಗಳಲ್ಲಿ ವಿಮಾನಗಳು ಕಠ್ಮಂಡುವಿನ ಬದಲು ರಾಮೇಛಾಪ್‌ನಿಂದ ಹಾರುತ್ತವೆ. ಅಂದರೆ ನಡುರಾತ್ರಿ ಎದ್ದು ನಾಲ್ಕೈದು ಗಂಟೆ ಜೀಪಿನಲ್ಲಿ ಹೋಗಬೇಕು. ಹಿಂದಿರುಗುವ ಟಿಕೆಟ್‌ಗೂ ಕಠ್ಮಂಡು ತಲುಪುವ ದಿನಕ್ಕೂ ನಡುವೆ ಎರಡು ದಿನ ಬಿಡಿ. ಇದು ಶಿಖರದ ಮೀಸಲು ದಿನದಲ್ಲಿ ಸೇರುವುದಿಲ್ಲ, ಬೇರೆಯೇ ಇಡಬೇಕು. ಹಾಗಾಗಿ ನೇಪಾಳಕ್ಕೆ ಮೂರು ವಾರಕ್ಕಿಂತ ಕಡಿಮೆ ರಜೆಯಲ್ಲಿ ಹೊರಡುವುದು ಸರಿಯಲ್ಲ.

ಮೇರಾ ನೇಪಾಳದ ‘ಟ್ರೆಕ್ಕಿಂಗ್ ಪೀಕ್’ಗಳಲ್ಲಿ, ಅಂದರೆ ಪರ್ವತಾರೋಹಣ ಸಂಘ ಅನುಮತಿ ಕೊಡುವ ಶಿಖರಗಳಲ್ಲಿ, ಅತಿ ಎತ್ತರದವುಗಳಲ್ಲಿ ಒಂದು. ಹಿಂಕು ಕಣಿವೆಯಲ್ಲಿ ಕೋಥೆ, ಥಕ್ನಾಕ್, ಖಾರೆ ದಾಟಿ, 5,415 ಮೀಟರಿನ ಮೇರಾ ಲಾ ಮೇಲಿಂದ ಹಿಮನದಿಗೆ ಕಾಲಿಟ್ಟರೆ ತುದಿಯವರೆಗೂ ಅಗಲವಾದ, ಹದವಾದ ಹಿಮದ ನಡಿಗೆ. ಸುಮಾರು 5,800 ಮೀಟರಿನಲ್ಲಿ ಹೈ ಕ್ಯಾಂಪ್ ಇರುವುದರಿಂದ ಕೊನೆಯ ದಿನ ಏರಬೇಕಾದದ್ದು ಏಳುನೂರು ಮೀಟರ್ ಅಷ್ಟೇ. ಕೊನೆಯ ಸಣ್ಣ ಏರಿನಲ್ಲಿ ಮಾತ್ರ ಹಗ್ಗ ಕಟ್ಟಿರುತ್ತಾರೆ. ಹವೆ ತಿಳಿಯಾಗಿದ್ದರೆ ಎವರೆಸ್ಟ್, ಲೋತ್ಸೆ, ಮಕಾಲು, ಚೋ ಓಯು, ಕಾಂಚನಜುಂಗಾ ಈ ಐದೂ ಎಂಟು ಸಾವಿರದ ಶಿಖರಗಳು ಒಂದೇ ಕಡೆಯಿಂದ ಕಾಣುತ್ತವೆ. ಇಷ್ಟು ಕಡಿಮೆ ತಾಂತ್ರಿಕ ಕೆಲಸಕ್ಕೆ ಇಂಥ ನೋಟ ಬೇರೆಲ್ಲಿದೆ ಎಂದು ನನಗೆ ತೋಚುವುದಿಲ್ಲ.

ಆದರೆ ಹಿಂಕು ಕಣಿವೆಗೆ ಎರಡು ದಾರಿಗಳಿವೆ. ಲುಕ್ಲಾದಿಂದ ನೇರ 4,600 ಮೀಟರಿನ ಜತ್ರ್ವಾ ಲಾ ಹತ್ತಿ ಇಳಿಯುವುದು ಒಂದು. ಮೂರು ನಾಲ್ಕು ದಿನ ಉಳಿಯುತ್ತದೆ. ಆದರೆ ಮೈ ಒಗ್ಗುವ ಮೊದಲೇ ಕಡಿದಾದ ಕಣಿವೆಯಂಚು ದಾಟಬೇಕು, ಅದರಲ್ಲೂ ಹಿಮ ಬಿದ್ದಿದ್ದರೆ ಆ ದಿನವೇ ಕೆಲವರ ಯಾತ್ರೆ ಮುಗಿಯುತ್ತದೆ. ಇನ್ನೊಂದು ದಕ್ಷಿಣದ ಪಂಗೋಮ್ ಕಡೆಯಿಂದ ಕಾಡುಗಳ ನಡುವೆ ಹತ್ತಿಳಿದು ಕೋಥೆಗೆ ಬರುವ ಉದ್ದನೆಯ ದಾರಿ. ಮೇರಾಕ್ಕೆ ಹೋಗುವುದಾದರೆ ಇದರಲ್ಲೇ ಹೋಗಿ. ಬರುವಾಗ ಜತ್ರ್ವಾ ಲಾ ಆದೀತು. ಕಾಲಿಗೆ ಡಬಲ್ ಬೂಟು (ಒಳಗೆ ಇನ್ನೊಂದು ಬೆಚ್ಚನೆಯ ಪದರವಿರುವ ಬೂಟು) ಬೇಕೇ ಬೇಕು. ಆ ತೆರೆದ ಹಿಮನದಿಯ ಮೇಲೆ ಬೆಳಗಿನ ಜಾವದ ಗಾಳಿಗೆ ಸಾಮಾನ್ಯ ಟ್ರೆಕ್ಕಿಂಗ್ ಬೂಟಿನೊಳಗೆ ಬೆರಳು ಉಳಿಯುವುದಿಲ್ಲ.

ಐಲ್ಯಾಂಡ್ ಪೀಕ್‌ನ ನೇಪಾಳಿ ಹೆಸರು ಇಮ್ಜಾ ತ್ಸೆ, ಎತ್ತರ 6,189 ಮೀಟರ್. 1953ರ ಎವರೆಸ್ಟ್ ತಂಡದವರು ತಯಾರಿಗಾಗಿ ಇದನ್ನು ಹತ್ತಿದ್ದರು, ಅವರಲ್ಲಿ ತೇನ್ಸಿಂಗ್ ನೋರ್ಗೆಯೂ ಇದ್ದರು. ನಾಮ್ಚೆ, ತೆಂಗ್ಬೋಚೆ, ದಿಂಗ್ಬೋಚೆ ಎಂಬ ಹೆಸರಾಂತ ದಾರಿಯಲ್ಲಿ ಹೋಗಿ, 5,364 ಮೀಟರಿನ ಎವರೆಸ್ಟ್ ಬೇಸ್ ಕ್ಯಾಂಪನ್ನೂ ಕಾಲಾಪತ್ಥರನ್ನೂ ನೋಡಿಕೊಂಡು ಛುಕುಂಗ್‌ಗೆ ಬಂದರೆ ಮೈ ಚೆನ್ನಾಗಿ ಒಗ್ಗಿರುತ್ತದೆ. ಜತೆಗೆ ಈ ದಾರಿಯಲ್ಲಿ ಕಾಯಿಲೆ ಬಿದ್ದವರಿಗೆ ಆಸರೆ ಇದೆ. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1966ರಲ್ಲಿ ಕಟ್ಟಿಸಿದ ಖುಂದೆ ಆಸ್ಪತ್ರೆ, ಫೆರಿಚೆಯಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನವರು ಕಾಲಕಾಲಕ್ಕೆ ತೆರೆಯುವ ಚಿಕಿತ್ಸಾ ಕೇಂದ್ರ. ಹಿಂಕು ಕಣಿವೆಯಲ್ಲಿ ಅಂಥದ್ದಿಲ್ಲ. ಆರೋಗ್ಯದ ಬಗ್ಗೆ ಸಣ್ಣ ಅಳುಕಿದ್ದವರಿಗೆ ಇದು ದೊಡ್ಡ ವ್ಯತ್ಯಾಸ.

ಐಲ್ಯಾಂಡ್‌ನ ಕಷ್ಟವೆಲ್ಲ ಕೊನೆಯ ಗೋಡೆಯಲ್ಲಿದೆ. ನಡುರಾತ್ರಿ ಬೇಸ್ ಕ್ಯಾಂಪ್ ಬಿಟ್ಟು ಕಲ್ಲಿನ ಏರು ಮುಗಿಸಿ, ಹಿಮಬಿರುಕುಗಳನ್ನು ದಾಟಿ ಬಂದರೆ ಎದುರಿಗೆ ಸುಮಾರು ನೂರು ಮೀಟರಿನ ಕಡಿದಾದ ಹಿಮ. ಬಿರುಕುಗಳ ಮೇಲೆ ಕೆಲವು ವರ್ಷ ಏಣಿಗಳೂ ಇರುತ್ತವೆ. ಗೋಡೆಯಲ್ಲಿ ಕಟ್ಟಿದ ಹಗ್ಗಕ್ಕೆ ಜುಮಾರ್ ಸಿಕ್ಕಿಸಿಕೊಂಡು ಏರಬೇಕು. ಜುಮಾರಿನ ಹಲ್ಲಿನ ಕೊಂಡಿಯನ್ನು ಹೆಬ್ಬೆರಳಿನಿಂದ ಎಳೆದು ತೆರೆದು, ಹಗ್ಗವನ್ನು ಒಳಗಿಟ್ಟು ಮುಚ್ಚುವುದು ಮನೆಯಲ್ಲಿ ಕುಳಿತು ಮಾಡಿದರೆ ಎರಡು ಸೆಕೆಂಡಿನ ಕೆಲಸ. ಅಲ್ಲಿ ದಪ್ಪ ಕೈಗವಸಿನೊಳಗಿಂದ ಆ ಪುಟ್ಟ ಕೊಂಡಿ ಸಿಗುವುದೇ ಇಲ್ಲ. ಕೈಗವಸು ತೆಗೆದರೆ ಬೆರಳು ಮರಗಟ್ಟುತ್ತದೆ. ಹಗ್ಗವನ್ನು ಬಿಗಿದ ಜಾಗ ಬಂದಾಗಲೆಲ್ಲ ಮೊದಲು ಸೇಫ್ಟಿ ಕ್ಯಾರಬಿನರನ್ನು (ಸೊಂಟಪಟ್ಟಿಗೆ ಕಟ್ಟಿದ ಲೋಹದ ಕೊಕ್ಕೆ) ಮೇಲಿನ ಹಗ್ಗಕ್ಕೆ ಹಾಕಿ, ಆಮೇಲಷ್ಟೇ ಜುಮಾರ್ ಬಿಡಿಸಿ ಮೇಲಕ್ಕೆ ಹಾಕಿಕೊಳ್ಳಬೇಕು. ಈ ಕ್ರಮ ತಪ್ಪಿದರೆ ಒಂದು ಗಳಿಗೆ ಯಾವ ಹಗ್ಗಕ್ಕೂ ಸೇರದೆ ನಿಂತಿರುತ್ತೀರಿ. ಇಳಿಯುವಾಗ ಫಿಗರ್ ಆಫ್ ಏಟ್ ಎಂಬ, ಹಗ್ಗ ಹಾಯಿಸಿ ಇಳಿಯುವ ಲೋಹದ ಸಾಧನ ಬಳಸಿ ಅದೇ ಗೋಡೆಯನ್ನು ಇಳಿಯಬೇಕು, ಅಷ್ಟರಲ್ಲಿ ದಣಿವೂ ಸೇರಿರುತ್ತದೆ. ಅಕ್ಟೋಬರ್‌ನಲ್ಲಿ ಹಿಂದೆ ಮುಂದೆ ಸಾಲು ಬೇರೆ. ಒಬ್ಬರು ತಡವರಿಸಿದರೆ ಇಪ್ಪತ್ತು ಜನ ಚಳಿಯಲ್ಲಿ ನಿಲ್ಲುತ್ತಾರೆ.

ಬೇಸ್ ಕ್ಯಾಂಪಿನಲ್ಲಿ ಹಿಂದಿನ ಮಧ್ಯಾಹ್ನ ಗೈಡ್‌ಗಳು ಇದನ್ನೆಲ್ಲ ತೋರಿಸಿಕೊಡುತ್ತಾರೆ. ಅದು ಸಾಲದು. ಐಲ್ಯಾಂಡ್‌ಗೆ ಮನಸ್ಸು ಮಾಡಿದವರು ಊರಲ್ಲೇ ಹಗ್ಗದ ಕೆಲಸ ಕಲಿತು ಹೋಗಬೇಕು. ರಾಮನಗರ, ಸಾವನದುರ್ಗ, ಬಾದಾಮಿಯ ಬಂಡೆಗಳಲ್ಲಿ ಕಲಿಸುವ ತಂಡಗಳಿವೆ. ರಾಜ್ಯ ಸರ್ಕಾರದ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯ ಶಿಬಿರಗಳೂ ಇವೆ. ಮಾಮೂಲಿ ಬಂಡೆಯ ಮೇಲೆ, ಉಣ್ಣೆಯ ಕೈಗವಸು ಹಾಕಿಕೊಂಡೇ, ಕಣ್ಣು ಮುಚ್ಚಿ ಜುಮಾರ್ ಹಾಕಿ ತೆಗೆಯುವಷ್ಟು ಅಭ್ಯಾಸ ಮಾಡಿ.

ಹೀಗಾಗಿ ನೇಪಾಳದ ಈ ಎರಡರಲ್ಲಿ ಆಯ್ಕೆ ಸ್ಪಷ್ಟ. ಹಗ್ಗದ ಅಭ್ಯಾಸವಿಲ್ಲದೆ, ಎತ್ತರ ಮತ್ತು ನೋಟ ಬೇಕೆನ್ನುವವರು ಮೇರಾ. ಹಗ್ಗ ಕಲಿತವರು, ಮುಂದೆ ಇನ್ನೂ ಕಷ್ಟದ ಶಿಖರಗಳ ಆಸೆ ಇರುವವರು ಐಲ್ಯಾಂಡ್. ಅಲ್ಲೇ ಇರುವ 6,119 ಮೀಟರಿನ ಲೋಬುಚೆ ಈಸ್ಟ್ ಐಲ್ಯಾಂಡ್‌ಗಿಂತ ಕಡಿದು, ಮೊದಲ ಶಿಖರಕ್ಕೆ ಬೇಡ. ನುನ್, ಸತೋಪಂಥ್ ಮುಂತಾದ ಏಳು ಸಾವಿರದ ಶಿಖರಗಳ ಬಗ್ಗೆಯೂ ಕೆಲವರು ಕೇಳುತ್ತಾರೆ. ಮೇಲಿನವುಗಳಲ್ಲಿ ಎರಡನ್ನಾದರೂ ಹತ್ತಿದ ಮೇಲೆ ಆ ಮಾತು.

ಯಾರ ಜತೆ ಹೋಗುವುದು

ಭಾರತೀಯ ಕಂಪನಿಗಳ ನಿಗದಿತ ದಿನಾಂಕದ ಗುಂಪುಗಳು ಅಗ್ಗ, ಭಾಷೆ ಊಟ ಎರಡೂ ಸಲೀಸು. ಆದರೆ ಹತ್ತು ಹನ್ನೆರಡು ಜನರ ಗುಂಪಿನಲ್ಲಿ ನಿಧಾನದವರಿಗೆ ಕಷ್ಟ. ಒಬ್ಬರು ತಿರುಗಿ ಬರಬೇಕಾದಾಗ ಅವರ ಜತೆ ಕಳುಹಿಸಲು ಗೈಡ್ ಇದ್ದಾರೆಯೇ ಎಂಬುದು ಇಲ್ಲಿ ಕೇಳಲೇಬೇಕಾದ ಪ್ರಶ್ನೆ. ನೇಪಾಳಕ್ಕಾದರೆ ಕಠ್ಮಂಡುವಿನ ಏಜೆನ್ಸಿಯನ್ನೇ ನೇರವಾಗಿ ಹಿಡಿಯಬಹುದು. ಇಬ್ಬರು ಮೂವರು ಸ್ನೇಹಿತರಿಗೆ ಒಬ್ಬ ಶೆರ್ಪಾ ಗೈಡ್ ಎಂಬಂಥ ವ್ಯವಸ್ಥೆ ಸಿಗುತ್ತದೆ, ವೇಗವೂ ನಿಮ್ಮದೇ. ಹಣ ಸ್ವಲ್ಪ ಹೆಚ್ಚು. ಐಲ್ಯಾಂಡ್‌ಗೆ ನಾನು ಇದನ್ನೇ ಹೇಳುತ್ತೇನೆ.

ಮೂರನೆಯ ದಾರಿ ಇನ್ನೊಂದಿದೆ, ಅದನ್ನು ಬಹಳ ಜನ ಯೋಚಿಸುವುದೇ ಇಲ್ಲ. ಡಾರ್ಜಿಲಿಂಗ್‌ನ ಹಿಮಾಲಯನ್ ಮೌಂಟನೀರಿಂಗ್ ಇನ್‌ಸ್ಟಿಟ್ಯೂಟ್, ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, ಮನಾಲಿಯ ಅಟಲ್ ಬಿಹಾರಿ ವಾಜಪೇಯಿ ಸಂಸ್ಥೆಗಳಲ್ಲಿ ಸುಮಾರು ನಾಲ್ಕು ವಾರದ ಬೇಸಿಕ್ ಕೋರ್ಸ್ ಇದೆ. ಶುಲ್ಕ ಒಂದು ಖಾಸಗಿ ಶಿಖರ ಯಾತ್ರೆಗಿಂತ ಕಡಿಮೆ. ಬಂಡೆ, ಹಿಮ, ಮಂಜುಗಡ್ಡೆ ಮೂರರಲ್ಲೂ ಕೈ ಪಳಗುತ್ತದೆ. ಅಲ್ಲಿಯೂ ಅಪಾಯ ಇಲ್ಲವೆಂದಲ್ಲ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಾಂಡಾ 2ರಲ್ಲಿ ತರಬೇತಿ ತಂಡವೇ ಹಿಮಕುಸಿತಕ್ಕೆ ಸಿಕ್ಕಿ ಇಪ್ಪತ್ತೈದಕ್ಕೂ ಹೆಚ್ಚು ಜನ ತೀರಿಕೊಂಡರು. ಆದರೂ ಒಂದು ತಿಂಗಳು ರಜೆ ಸಿಗುವ ವಯಸ್ಸು, ಕೆಲಸ ನಿಮ್ಮದಾಗಿದ್ದರೆ, ಕೈಯಲ್ಲಿ ಹಣ ಕಡಿಮೆ ಇದ್ದರೆ, ಶಿಖರವನ್ನು ಒಂದು ವರ್ಷ ಮುಂದೂಡಿ ಕೋರ್ಸ್ ಮಾಡಿ. ಸೀಟುಗಳು ತಿಂಗಳುಗಳ ಮೊದಲೇ ತುಂಬುತ್ತವೆ.

ಮೈ ತಯಾರಿಯ ಬಗ್ಗೆ ಒಂದು ಮಾತು. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತದ ಏರು 1,500 ಮೀಟರಿಗೂ ಹೆಚ್ಚು. ಕಾಂಗ್ ಯಾತ್ಸೆಯ ಶಿಖರದ ರಾತ್ರಿಗಿಂತ ದೊಡ್ಡದು. ಅನುಮತಿ ಪಡೆದು, ಹತ್ತು ಕೆಜಿ ಹೊತ್ತು ಅದನ್ನು ಹತ್ತಿ ಇಳಿದ ಮರುದಿನ ಬೆಳಿಗ್ಗೆ ಎದ್ದು ಆರಾಮಾಗಿ ನಡೆಯಬಲ್ಲಿರಾದರೆ ಕಾಲು ಸಿದ್ಧವಾಗಿದೆ. ವಾರಕ್ಕೆ ನಾಲ್ಕು ದಿನದ ಅಭ್ಯಾಸ, ಕನಿಷ್ಠ ನಾಲ್ಕು ತಿಂಗಳು. ಬಿಪಿ, ಸಕ್ಕರೆ, ಆಸ್ತಮಾ ಇರುವವರು ಮುಂಗಡ ಕಟ್ಟುವ ಮೊದಲು ವೈದ್ಯರ ಹತ್ತಿರ ಹೋಗಿ.

ಮುಂಗಡ ಕಟ್ಟುವ ಮೊದಲು

ವಿಮೆಯ ಕಾಗದವನ್ನು ಸಾಲು ಸಾಲಾಗಿ ಓದಿ. ಎಷ್ಟೋ ಪ್ರವಾಸ ವಿಮೆಗಳು ಒಂದು ಎತ್ತರದ ಆಚೆಗೆ ಅನ್ವಯಿಸುವುದಿಲ್ಲ, ಹಗ್ಗ ಮತ್ತು ಕ್ರಾಂಪಾನ್ ಬಳಸುವ ಆರೋಹಣವನ್ನು ಹೊರಗಿಡುತ್ತವೆ. ಮೇರಾಕ್ಕೆ ಹೋಗುವವರಿಗೆ 6,500 ಮೀಟರ್‌ವರೆಗೆ, ಹೆಲಿಕಾಪ್ಟರ್ ರಕ್ಷಣೆ ಸೇರಿ, ವಿಮೆ ಬೇಕು. ನೇಪಾಳದಲ್ಲಿ ಖಾಸಗಿ ಹೆಲಿಕಾಪ್ಟರ್ ಬೇಗ ಬರುತ್ತದೆ. ಅದೇ ಕಾರಣಕ್ಕೆ ಅಗತ್ಯವಿಲ್ಲದವರನ್ನೂ ಹೆಲಿಕಾಪ್ಟರ್‌ಗೆ ಹತ್ತಿಸಿ ವಿಮೆಯ ಹಣ ಹೊಡೆಯುವ ದಂಧೆಯೂ ನಡೆದು, 2018ರಲ್ಲಿ ಅಲ್ಲಿನ ಸರ್ಕಾರವೇ ತನಿಖೆ ಮಾಡಿಸಿತು. ಲಡಾಖ್, ಹಿಮಾಚಲದಲ್ಲಿ ಅಷ್ಟು ಸುಲಭವಾಗಿ ಹೆಲಿಕಾಪ್ಟರ್ ಸಿಗುವುದಿಲ್ಲ. ಅಲ್ಲಿ ಕುದುರೆ, ಸ್ಟ್ರೆಚರ್, ಸಹಚಾರಣಿಗರ ಹೆಗಲು ಎಂದೇ ಲೆಕ್ಕ ಹಾಕಿಕೊಳ್ಳಬೇಕು.

ಏಜೆನ್ಸಿಗೆ ಕೇಳಬೇಕಾದದ್ದು ಇಷ್ಟು. ಶಿಖರದ ದಿನ ಎಷ್ಟು ಜನಕ್ಕೆ ಒಬ್ಬ ಗೈಡ್, ಅವರ ತರಬೇತಿ ಎಲ್ಲಿ ಆಗಿದೆ? ಮೀಸಲು ದಿನ ಪಟ್ಟಿಯಲ್ಲಿದೆಯೇ, ಅದನ್ನು ಬಳಸಿದರೆ ಹೆಚ್ಚುವರಿ ಹಣವೇ? ಎಷ್ಟು ಗಂಟೆಗೆ ತಿರುಗಿ ಬರುವುದು ಎಂದು ಮೊದಲೇ ನಿಗದಿ ಮಾಡುತ್ತಾರೆಯೇ? ಆಮ್ಲಜನಕದ ಸಿಲಿಂಡರ್ ಬೇಸ್ ಕ್ಯಾಂಪಿನಲ್ಲಿ ಇರುತ್ತದೆಯೇ? ಅನುಮತಿ ಪತ್ರದಲ್ಲಿ ನಿಮ್ಮ ಹೆಸರಿರುವ ಪ್ರತಿ ಕೊಡುತ್ತಾರೆಯೇ? ಪೋರ್ಟರ್‌ಗಳಿಗೆ ವಿಮೆ, ಬೂಟು, ಜಾಕೆಟ್ ಇದೆಯೇ? ಕೊನೆಯ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡುವವರ ಜತೆ ನಾನಂತೂ ಹೋಗುವುದಿಲ್ಲ. ತಮ್ಮವರನ್ನೇ ಚಪ್ಪಲಿಯಲ್ಲಿ ಹಿಮ ದಾಟಿಸುವವರು ನಿಮ್ಮ ಕಾಯಿಲೆಯ ರಾತ್ರಿ ಎಚ್ಚರವಾಗಿರುತ್ತಾರೆ ಎಂದು ಹೇಗೆ ನಂಬುವುದು?

ಉತ್ತರಗಳನ್ನು ಫೋನಿನಲ್ಲಿ ಕೇಳಿ ಸುಮ್ಮನಾಗಬೇಡಿ, ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಲಡಾಖ್‌ಗೆ ಫೆಬ್ರವರಿಯೊಳಗೆ, ದಸರಾ ಹೊತ್ತಿನ ನೇಪಾಳಕ್ಕೆ ಮೇ ತಿಂಗಳೊಳಗೆ ಇದು ಮುಗಿದಿದ್ದರೆ ವಿಮಾನದ ಟಿಕೆಟ್ಟೂ ಅಗ್ಗಕ್ಕೆ ಸಿಗುತ್ತದೆ, ಅಭ್ಯಾಸಕ್ಕೆ ನಾಲ್ಕು ತಿಂಗಳೂ ಉಳಿಯುತ್ತದೆ.